ವೈರ್‌ಗೆ ಜ್ವರ, ಮೋಟರ್‌ಗೆ ಬರೆ: ಪವರ್ ವಿಂಡೋ ರಿಪೇರಿಗೆ 16 ಸೂತ್ರಗಳು

ಎರಡು ವರ್ಷದ ಹಿಂದಿನ ಆಷಾಢ. ಶಿರಾಡಿ ಘಾಟಿ ಇಳಿಯುವ ಮುನ್ನ ಒಂದು ಗೂಡಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಮಳೆಯಲ್ಲಿ ಇಳಿಯುವ ಮನಸ್ಸಾಗದೆ ಬಲಗಡೆಯ ಗಾಜು ಇಳಿಸಿ ‘ಎರಡು ಕಾಫಿ’ ಎಂದು ಕೂಗಿದೆ. ಕಾಫಿ ಬಂತು. ಗಾಜು ಮಾತ್ರ ಮೇಲೆ ಬರಲಿಲ್ಲ. ಸ್ವಿಚ್ಚು ಒತ್ತಿದರೆ ಸದ್ದೂ ಇಲ್ಲ, ಸುದ್ದಿಯೂ ಇಲ್ಲ. ಅಂಗಡಿಯಮ್ಮ ಕೊಟ್ಟ ಸಕ್ಕರೆ ಮೂಟೆಯ ಪ್ಲಾಸ್ಟಿಕ್ಕನ್ನು ಕಿಟಕಿಗೆ ಸಿಕ್ಕಿಸಿಕೊಂಡು, ಬಲತೋಳು ಪೂರ್ತಿ ತೋಯಿಸಿಕೊಂಡು ಮಂಗಳೂರು ಸೇರಿದೆ. ಅಲ್ಲಿ ಹೋದ ಗ್ಯಾರೇಜಿನಲ್ಲಿ ಸ್ವಿಚ್ಚನ್ನು ಒಂದೇ ಸಲ ಒತ್ತಿ ನೋಡಿ ತೀರ್ಪು ಕೊಟ್ಟರು: ‘ಮೋಟರ್ ಹೋಗಿದೆ ಸಾರ್.’ ನಾಲ್ಕೂವರೆ ಸಾವಿರಕ್ಕೆ ಹೊಸ ಮೋಟರು ಕೂತಿತು, ಗಾಜು ಸರ್ರನೆ ಮೇಲೇರಿತು. ಮೂರನೆಯ ದಿನ ಮತ್ತೆ ಅದೇ ಮೌನ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನನ್ನ ಗಾಡಿಯಲ್ಲಿ ಜ್ವರ ಬಂದ ಎತ್ತು ಯಾವುದು ಎಂಬುದನ್ನು 8ನೆಯ ಸೂತ್ರದಲ್ಲಿ ಹೇಳುತ್ತೇನೆ. ಅಷ್ಟರೊಳಗೆ ಒಂದು ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಬ್ಯಾಟರಿ, ಫ್ಯೂಸು, ರಿಲೇ, ಸ್ವಿಚ್ಚು, ಬಾಗಿಲಿನ ವೈರು, ಮೋಟರು, ಗಾಜನ್ನು ಎತ್ತುವ ರೆಗ್ಯುಲೇಟರು, ಕೊನೆಗೆ ಗಾಜು. ಕರೆಂಟು ಈ ದಾರಿಯಲ್ಲಿ ಎಲ್ಲಿಯವರೆಗೆ ಬಂದು ನಿಂತಿತು ಎಂದು ಗೊತ್ತಾಗುವವರೆಗೆ ಜೇಬಿಗೆ ಕೈ ಹಾಕಬೇಡಿ. ಉಳಿದದ್ದೆಲ್ಲ ಇದರ ವಿವರಣೆ.

1. ಮೊದಲು ಗಾಜು ಮೇಲೆ ಬರಲಿ, ರೋಗ ಆಮೇಲೆ ಹುಡುಕೋಣ.

ದಾರಿಯಲ್ಲಿ ಕೈಕೊಟ್ಟರೆ ಎಂಜಿನ್ ಚಾಲೂ ಮಾಡಿ. ನಿಂತ ಗಾಡಿಯಲ್ಲಿ ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಅದೇ 14ರ ಆಸುಪಾಸಿಗೆ ಏರುತ್ತದೆ. ಸೊರಗಿದ ಮೋಟರಿಗೆ ಈ ಒಂದೂವರೆ ವೋಲ್ಟೇ ಗ್ಲೂಕೋಸು. ಒಬ್ಬರು ಒಳಗಿನಿಂದ ‘ಮೇಲೆ’ ಸ್ವಿಚ್ಚು ಎತ್ತಿ ಹಿಡಿಯಲಿ, ಇನ್ನೊಬ್ಬರು ಹೊರಗೆ ನಿಂತು ಎರಡೂ ಅಂಗೈಗಳನ್ನು ಗಾಜಿನ ಆಚೆ ಈಚೆ ಒತ್ತಿ ಮೇಲಕ್ಕೆ ಎಳೆಯಲಿ. ಗಾಜು ಚಲಿಸತೊಡಗಿದ ಕ್ಷಣ ಬೆರಳು ಅಂಚಿನಿಂದ ದೂರವಿರಲಿ.

ಗಾಜು ಕೈಗೆ ಸಲೀಸಾಗಿ ಬಂದರೆ ಅದೇ ಅರ್ಧ ರೋಗಪತ್ತೆ. ಮೋಟರಿನೊಳಗೆ ತಿರುಪಿನಂಥ ವರ್ಮ್ ಗೇರ್ ಇರುತ್ತದೆ. ಮೋಟರು ಗಾಜನ್ನು ಎಳೆಯಬಲ್ಲದು. ಗಾಜು ಮೋಟರನ್ನು ತಿರುಗಿಸಲಾರದು. ಕಳ್ಳ ಗಾಜನ್ನು ಕೆಳಕ್ಕೆ ಒತ್ತಿದರೂ ಇಳಿಯದಿರುವುದಕ್ಕೆ ಇದೇ ಕಾರಣ. ಹಾಗಾಗಿ ಕೈಯಲ್ಲಿ ಸಲೀಸಾಗಿ ಮೇಲೆ ಕೆಳಗೆ ಆಡುತ್ತಿದೆ ಎಂದರೆ ಮೋಟರಿಗೂ ಗಾಜಿಗೂ ನಡುವಿನ ಕೊಂಡಿ ಕಳಚಿದೆ. ಬಿಗಿಯಾಗಿ ನಿಂತಿದ್ದರೆ ಬಲಾತ್ಕಾರ ಬೇಡ. ಮೇಲೆ ಬಂದ ಗಾಜಿಗೆ ಅಗಲದ ಪ್ಯಾಕಿಂಗ್ ಟೇಪನ್ನು ಒಳಗಿನಿಂದ ಬಾಗಿಲಿನ ಚೌಕಟ್ಟಿನ ಮೇಲೆ ಹಾಯಿಸಿ ಹೊರಗೆ ಅಂಟಿಸಿ. ಮನೆ ಮುಟ್ಟಲು ಅಷ್ಟು ಸಾಕು.

2. ಲಾಕ್ ಬಟನ್ ನೋಡಿ. ನಾಚಿಕೆ ಬೇಡ.

ಡ್ರೈವರ್ ಬಾಗಿಲಿನ ಸ್ವಿಚ್ಚುಗಳ ಗುಂಪಿನಲ್ಲಿ ಕಿಟಕಿಯ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಒಂದು ಗುಂಡಿ ಇರುತ್ತದೆ. ಅದು ಒತ್ತಿದ್ದರೆ ಉಳಿದ ಬಾಗಿಲುಗಳ ಸ್ವಿಚ್ಚು ಕೆಲಸ ಮಾಡದು. ಗಾಡಿ ಒರೆಸುವಾಗ, ಮೊಣಕೈ ತಾಗಿದಾಗ ಒತ್ತಿಹೋಗುತ್ತದೆ. ಇದನ್ನು ನೋಡದೆ ಗ್ಯಾರೇಜಿಗೆ ಹೋಗಿ ನಗೆಪಾಟಲಾದವರು ಬೇಕಾದಷ್ಟು ಮಂದಿ.

3. ಎಷ್ಟು ಕಿಟಕಿ ಕೆಟ್ಟಿವೆ, ಎಣಿಸಿ.

ನಾಲ್ಕೂ ಒಟ್ಟಿಗೆ ಸತ್ತಿದ್ದರೆ ನಾಲ್ಕು ಮೋಟರು ಒಂದೇ ದಿನ ಕೈಲಾಸಕ್ಕೆ ಹೋಗಲಿಲ್ಲ ಎಂದು ತಿಳಿಯಿರಿ. ತಪ್ಪು ಎಲ್ಲಕ್ಕೂ ಸಮಾನವಾದ ಜಾಗದಲ್ಲಿದೆ: ಫ್ಯೂಸು, ರಿಲೇ, ಡ್ರೈವರ್ ಬಾಗಿಲಿನ ಮಾಸ್ಟರ್ ಸ್ವಿಚ್ಚಿಗೆ ಬರುವ ಕರೆಂಟು ಅಥವಾ ಅರ್ಥ್. ಒಂದೇ ಕಿಟಕಿ ಸತ್ತಿದ್ದರೆ ಆ ಬಾಗಿಲಿನ ಸ್ವಿಚ್ಚು, ವೈರು, ಮೋಟರು ನೋಡಬೇಕು. ಹಿಂದಿನ ಕಿಟಕಿ ಅದರದೇ ಸ್ವಿಚ್ಚಿಗೆ ಅಲುಗದೆ ಡ್ರೈವರ್ ಸ್ವಿಚ್ಚಿಗೆ ಓಡಿದರೆ ಮೋಟರಿಗೆ ನೂರು ಅಂಕ. ತಪ್ಪು ಅಲ್ಲಿನ ಸ್ವಿಚ್ಚಿನಲ್ಲಿ. ಇಷ್ಟು ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ, ಸ್ಕ್ರೂಡ್ರೈವರೂ ಬೇಡ.

ಸಾಮಾನ್ಯವಾಗಿ ಮೊದಲು ಸವೆಯುವುದು ಡ್ರೈವರ್ ಕಡೆಯದೇ. ಟೋಲ್ ಗೇಟು, ಪಾರ್ಕಿಂಗ್ ಚೀಟಿ, ದಾರಿ ಕೇಳುವುದು, ಎಳನೀರು ಕೊಳ್ಳುವುದು, ಎಲ್ಲಕ್ಕೂ ಅದೇ ಇಳಿಯಬೇಕು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಟೋಲಿನ ಕೆಲಸವೇನೋ ತಗ್ಗಿತು. ಗುಟ್ಕಾ ಅಗಿಯುವ ಚಾಲಕರ ಗಾಡಿಯಲ್ಲಿ ಮಾತ್ರ ಬಲಗಡೆಯ ಮೋಟರಿಗೆ ಇವತ್ತಿಗೂ ಬಿಡುವಿಲ್ಲ.

4. ಕಿವಿ ಕೊಡಿ.

ಎಂಜಿನ್ ನಿಲ್ಲಿಸಿ, ರೇಡಿಯೋ ಆರಿಸಿ, ಕೀ ಮಾತ್ರ ಆನ್ ಮಾಡಿ, ಬಾಗಿಲಿಗೆ ಕಿವಿ ಹಚ್ಚಿ ಸ್ವಿಚ್ಚು ಒತ್ತಿ.

ಗಿರ್ರ್ ಎಂದು ಮೋಟರು ಹಗುರವಾಗಿ ತಿರುಗುತ್ತಿದೆ, ಗಾಜು ಕದಲುತ್ತಿಲ್ಲ: ರೆಗ್ಯುಲೇಟರಿನ ಕೇಬಲ್ ತುಂಡಾಗಿದೆ ಇಲ್ಲವೇ ಗಾಜು ಹಿಡಿದ ಪ್ಲಾಸ್ಟಿಕ್ ಕ್ಲಿಪ್ಪು ಮುರಿದಿದೆ. ಕಟಕಟ ಎಂದು ಹಲ್ಲು ಕಡಿದ ಸದ್ದು: ಗೇರಿನ ಹಲ್ಲು ಸವೆದಿದೆ, ಅಥವಾ ಕೇಬಲ್ ಸುರುಳಿ ತಪ್ಪಿ ಸಿಕ್ಕುಹಾಕಿಕೊಂಡಿದೆ. ಒಂದೇ ಒಂದು ‘ಟಕ್’, ಆಮೇಲೆ ಮೌನ: ರಿಲೇ ಏಳುತ್ತಿದೆ, ಮುಂದಿನ ದಾರಿ ಕಡಿದಿದೆ; ಇಲ್ಲವೇ ಮೋಟರು ಒಂದು ಸಲ ಕೊಸರಾಡಿ ಜಾಮ್ ಆಗಿದೆ. ಗಾಜು ಒಂದು ಕಡೆ ವಾಲಿ, ಮೂಲೆ ಎತ್ತಿಕೊಂಡು ಬರುತ್ತಿದೆ: ಗೈಡ್ ಬಿಟ್ಟಿದೆ. ಇದನ್ನು ಹೀಗೇ ಬಳಸಿದರೆ ಒಂದು ದಿನ ಗಾಜೇ ಪುಡಿಯಾಗುತ್ತದೆ.

ಏನೂ ಸದ್ದಿಲ್ಲವೇ? ಮುಂದಿನ ಸೂತ್ರ ನಿಮಗೆ.

5. ರಾತ್ರಿ ಹೊತ್ತು ಒಳದೀಪ ಹಚ್ಚಿ ನೋಡಿ.

ಇದು ಹಳೆಯ ಎಲೆಕ್ಟ್ರಿಶಿಯನ್‌ಗಳ ಉಪಾಯ, ಖರ್ಚಿಲ್ಲದ್ದು. ಎಂಜಿನ್ ಆರಿಸಿ, ಕೀ ಮಾತ್ರ ಆನ್ ಇಟ್ಟು, ತಲೆಯ ಮೇಲಿನ ದೀಪ ಹಚ್ಚಿ, ಕಿಟಕಿ ಸ್ವಿಚ್ಚು ಒತ್ತಿ. ದೀಪ ಚೂರು ಮಂಕಾದರೆ ಮೋಟರು ಕರೆಂಟು ಎಳೆಯುತ್ತಿದೆ. ಅಂದರೆ ಫ್ಯೂಸು, ಸ್ವಿಚ್ಚು, ವೈರು ಎಲ್ಲ ಸರಿ, ಗಾಜೋ ಮೋಟರೋ ಸಿಕ್ಕಿಕೊಂಡಿದೆ. ದೀಪ ಕಣ್ಣು ಮಿಟುಕಿಸದಿದ್ದರೆ ಕರೆಂಟು ಮೋಟರಿನ ತನಕ ಹೋಗುತ್ತಲೇ ಇಲ್ಲ, ಅಥವಾ ಮೋಟರಿನೊಳಗೇ ದಾರಿ ಕಡಿದಿದೆ. ಎಲ್‌ಇಡಿ ದೀಪವಾದರೆ ಈ ಮಂಕು ಕಾಣದು. ಆಗ ಮಲ್ಟಿಮೀಟರನ್ನು ಬ್ಯಾಟರಿಗೆ ಸಿಕ್ಕಿಸಿ ವೋಲ್ಟು ಕುಸಿಯುತ್ತದೆಯೇ ಎಂದು ನೋಡಿ.

ದೀಪ ಮಂಕಾಗದಿದ್ದರೆ ಇನ್ನೊಂದು: ಸ್ವಿಚ್ಚು ಒತ್ತಿ ಹಿಡಿದು, ಮೋಟರು ಇರುವ ಜಾಗದಲ್ಲಿ ಬಾಗಿಲಿನ ಒಳಹೊದಿಕೆಗೆ, ಅಂದರೆ ಡೋರ್ ಪ್ಯಾಡಿಗೆ, ಮುಷ್ಟಿಯಿಂದ ಎರಡು ಗುದ್ದು ಕೊಡಿ. ಗುದ್ದಿಗೆ ಎಚ್ಚರಗೊಂಡು ಓಡಿದರೆ ಮೋಟರಿನ ಕಾರ್ಬನ್ ಬ್ರಶ್ ಸವೆದಿದೆ. ಇವತ್ತು ಗುದ್ದಿಗೆ ಬಗ್ಗಿತು, ಹದಿನೈದು ದಿನದ ಮೇಲೆ ಬಗ್ಗದು. ಈ ಒಂದು ಸಂದರ್ಭದಲ್ಲಿ ‘ಮೋಟರ್ ಹೋಗಿದೆ’ ಎಂಬ ಮಾತು ನಿಜ.

6. ಫ್ಯೂಸಿನ ಬಣ್ಣ ಬದಲಾಯಿಸಬೇಡಿ.

ಫ್ಯೂಸ್ ಪೆಟ್ಟಿಗೆ ಸಾಮಾನ್ಯವಾಗಿ ಸ್ಟಿಯರಿಂಗ್ ಕೆಳಗೆ ಒಂದು, ಬಾನೆಟ್ ಒಳಗೆ ಒಂದು. ಮುಚ್ಚಳದ ಒಳಮೈಯಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ನಕ್ಷೆ ಇರುತ್ತದೆ. ಪವರ್ ವಿಂಡೋಗೆ ಹೆಚ್ಚಾಗಿ 20, 25 ಅಥವಾ 30 ಆಂಪಿಯರ್. ಬಣ್ಣದಲ್ಲೇ ಗುರುತು ಸಿಗುತ್ತದೆ: ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಹೊರತೆಗೆದು ಬೆಳಕಿಗೆ ಹಿಡಿದರೆ ಒಳಗಿನ ಸೇತುವೆ ಕಡಿದಿದೆಯೋ ಇಲ್ಲವೋ ಕಾಣುತ್ತದೆ.

ಒಂದು ಸಲ ಹೋದ ಫ್ಯೂಸನ್ನು ಅದೇ ಅಳತೆಯದಕ್ಕೆ ಬದಲಾಯಿಸಿ. ಮತ್ತೆ ಹೋಯಿತೇ? ಫ್ಯೂಸು ಏನೋ ಹೇಳುತ್ತಿದೆ. ಎಲ್ಲೋ ವೈರು ಬಾಡಿಗೆ ತಾಗಿ ಶಾರ್ಟ್ ಆಗುತ್ತಿದೆ, ಅಥವಾ ಜಾಮ್ ಆದ ಮೋಟರು ಅಳತೆ ಮೀರಿ ಕರೆಂಟು ಕುಡಿಯುತ್ತಿದೆ. ‘20 ನಿಲ್ಲಲ್ಲ ಸಾರ್, 30 ಹಾಕ್ಬಿಡಿ’ ಎನ್ನುವವರ ಮಾತು ಕೇಳಿ ಹಳದಿ ಜಾಗಕ್ಕೆ ಹಸಿರು ಹಾಕಿದರೆ ಸುಡುವುದು ಫ್ಯೂಸಲ್ಲ, ವೈರು. ಸಿಗರೇಟು ಪ್ಯಾಕಿನ ಬೇಗಡೆ ಸುತ್ತುವುದಂತೂ ಗಾಡಿಗೆ ಕೊಳ್ಳಿ ಇಟ್ಟ ಹಾಗೆ.

7. ಸ್ವಿಚ್ಚು ಬರೀ ಸ್ವಿಚ್ಚಲ್ಲ.

ಮನೆಯ ಲೈಟಿನ ಸ್ವಿಚ್ಚಿಗೆ ಒಂದೇ ಕೆಲಸ: ಹಚ್ಚು, ಆರಿಸು. ಕಿಟಕಿಯ ಸ್ವಿಚ್ಚಿಗೆ ಮೋಟರನ್ನು ಎರಡೂ ದಿಕ್ಕಿಗೆ ತಿರುಗಿಸುವ ಹೊಣೆ. ಮೋಟರಿಗೆ ಹೋಗುವುದು ಎರಡೇ ವೈರು. ಸಾಧಾರಣ ಗಾಡಿಗಳಲ್ಲಿ ಸುಮ್ಮನಿರುವಾಗ ಎರಡೂ ಅರ್ಥ್‌ನಲ್ಲಿರುತ್ತವೆ. ‘ಮೇಲೆ’ ಒತ್ತಿದರೆ ಒಂದು ವೈರಿಗೆ 12 ವೋಲ್ಟ್ ಬಂದು ಇನ್ನೊಂದು ಅರ್ಥ್‌ನಲ್ಲೇ ಉಳಿಯುತ್ತದೆ. ‘ಕೆಳಗೆ’ ಒತ್ತಿದರೆ ಪಾತ್ರ ಅದಲು ಬದಲು. ಹಾಗಾಗಿ ಗಾಜು ಇಳಿಯುತ್ತದೆ, ಏರುವುದಿಲ್ಲ ಎಂದರೆ ಮೋಟರಿನ ಮೇಲೆ ಸಂಶಯ ಪಡುವುದು ಕೊನೆಗಿರಲಿ. ಇಳಿಸಿದ ಮೋಟರೇ ಏರಿಸಬೇಕಾದದ್ದು. ಮೊದಲು ಸ್ವಿಚ್ಚಿನ ಆ ಬದಿಯ ಕಾಂಟ್ಯಾಕ್ಟು, ಆಮೇಲೆ ಏರುವ ಗಾಜನ್ನು ಹಿಡಿದುಕೊಳ್ಳುವ ಬಿಗಿ ರಬ್ಬರು.

ಇಲ್ಲಿ ಒಂದು ಮೋಸ ಇದೆ. ಹಲವು ಗಾಡಿಗಳಲ್ಲಿ ಹಿಂದಿನ ಬಾಗಿಲಿನ ಸ್ವಿಚ್ಚಿಗೆ ಬೇಕಾದ ಅರ್ಥ್ ಬರುವುದು ಡ್ರೈವರ್ ಬಾಗಿಲಿನ ಮಾಸ್ಟರ್ ಸ್ವಿಚ್ಚಿನ ಮೂಲಕ. ಮಾಸ್ಟರ್‌ನ ಹೊಟ್ಟೆಯಲ್ಲಿ ಕಿಲುಬು ಹಿಡಿದರೆ ಹಿಂದಿನ ಕಿಟಕಿ ಹಿಂದಿನ ಸ್ವಿಚ್ಚಿಗೂ ಸಾಯುತ್ತದೆ. ಹಿಂದಿನ ಬಾಗಿಲು ಬಿಚ್ಚಿ ದಿನವಿಡೀ ತಡಕಾಡಿದರೂ ಅಲ್ಲಿ ಏನೂ ಸಿಗುವುದಿಲ್ಲ.

ಮಾಸ್ಟರ್ ಸ್ವಿಚ್ಚು ಕೆಡಲು ದೊಡ್ಡ ಕಾರಣ ನೀರು. ಕಿಟಕಿ ತೆರೆದಿದ್ದಾಗ ಮಳೆ ನೇರ ಬೀಳುವುದು ಅದರ ಮೇಲೆಯೇ. ಲೋಟ ಜಾರಿ ಕಾಫಿ ಚೆಲ್ಲುವುದೂ ಅಲ್ಲಿಗೇ. ಫಿಲ್ಮ್ ಅಂಟಿಸುವವರು ಗಾಜಿಗೆ ಸಿಂಪಡಿಸುವ ಸೋಪು ನೀರೂ ಅಲ್ಲಿಗೇ ಇಳಿಯುತ್ತದೆ. ಸ್ವಿಚ್ಚನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ, ವೈರುಗಳನ್ನು ಜೋಡಿಸುವ ಕಪ್ಲರ್ ಬಿಡಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಇಪ್ಪತ್ತು ಮೂವತ್ತು ಸಲ ಒತ್ತಿ ಬಿಟ್ಟು ಒಣಗಿಸಿ. ಎಷ್ಟೋ ಸಲ ಅಷ್ಟರಲ್ಲೇ ಜೀವ ಬರುತ್ತದೆ. ಕಾಂಟ್ಯಾಕ್ಟು ಕಪ್ಪಾಗಿದ್ದರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಉಪ್ಪುಕಾಗದ ತಾಗಿಸಿದರೆ ಮೇಲಿನ ಲೇಪ ಹೋಗಿ ಬೇಗ ಮತ್ತೆ ಕೆಡುತ್ತದೆ.

8. ಬಾಗಿಲಿನ ಸಂದಿಯ ರಬ್ಬರ್ ಕೊಳವೆ ಬಿಚ್ಚಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ಬಾಗಿಲು ಪೂರ್ತಿ ತೆರೆದು ಕೀಲುಗಳ ನಡುವೆ ಬಗ್ಗಿ ನೋಡಿ. ಗಾಡಿಯ ಕಂಬದಿಂದ ಬಾಗಿಲಿಗೆ ಹಾದುಹೋಗುವ, ಸುಕ್ಕುಸುಕ್ಕಾದ ಕಪ್ಪು ರಬ್ಬರ್ ಕೊಳವೆ ಕಾಣುತ್ತದೆ. ಬಾಗಿಲಿನ ಎಲ್ಲ ವೈರುಗಳೂ ಅದರೊಳಗೆ. ಬಾಗಿಲು ತೆರೆದಾಗೊಮ್ಮೆ, ಹಾಕಿದಾಗೊಮ್ಮೆ ಅವು ಬಗ್ಗಿ ನೆಟ್ಟಗಾಗುತ್ತವೆ. ದಿನಕ್ಕೆ ಹತ್ತು ಸಲ ಬಾಗಿಲು ತೆರೆದರೂ ಹತ್ತು ವರ್ಷಕ್ಕೆ ಮೂವತ್ತಾರು ಸಾವಿರ ಸಲ. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿ ಮುರಿಯುವುದಿಲ್ಲವೇ, ಅದೇ ವಿದ್ಯೆ ಇಲ್ಲಿ ನಿಧಾನವಾಗಿ ನಡೆಯುತ್ತದೆ. ಹೊರಗಿನ ಪ್ಲಾಸ್ಟಿಕ್ ಸಿಪ್ಪೆ ಗಟ್ಟಿಯಾಗಿಯೇ ಇರುತ್ತದೆ, ಒಳಗೆ ತಾಮ್ರ ತುಂಡಾಗಿರುತ್ತದೆ. ಕಣ್ಣಿಗೆ ವೈರು ಸರಿಯಾಗಿಯೇ ಕಾಣುತ್ತದೆ.

ನನ್ನ ಗಾಡಿಯಲ್ಲಿ ಆಗಿದ್ದೂ ಇದೇ. ಎರಡನೆಯ ಸಲ ಕೆಟ್ಟಾಗ ಊರಿನ ಒಬ್ಬ ಹಿರಿಯ ಎಲೆಕ್ಟ್ರಿಶಿಯನ್ ಬಳಿ ಹೋದೆ. ಅವರು ಸ್ವಿಚ್ಚು ಮುಟ್ಟಲೇ ಇಲ್ಲ. ‘ಬಾಗಿಲು ಅರ್ಧ ತೆಗೀರಿ. ಸ್ವಿಚ್ ಒತ್ತಿ ಹಿಡ್ಕೊಳ್ಳಿ. ಈಗ ಮೆಲ್ಲಗೆ ಪೂರ್ತಿ ತೆಗೀರಿ’ ಎಂದರು. ಬಾಗಿಲು ಒಂದು ಕೋನಕ್ಕೆ ಬಂದಾಗ ಗಾಜು ಒಂದು ಬೆರಳಗಲ ಜಿಗಿದು ನಿಂತಿತು. ‘ಸಿಕ್ತು ಬಿಡಿ’ ಎಂದವರೇ ರಬ್ಬರ್ ಕೊಳವೆಯನ್ನು ಕಂಬದ ಕಡೆಯಿಂದ ಎಳೆದು ಹಿಂದೆ ಸರಿಸಿ, ವೈರುಗಳನ್ನು ಒಂದೊಂದಾಗಿ ಹಗುರಕ್ಕೆ ಜಗ್ಗಿದರು. ನಾಲ್ಕನೆಯದು ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿತು. ಒಳಗೆ ತಾಮ್ರ ಇದ್ದರೆ ವೈರು ಹಿಗ್ಗುವುದಿಲ್ಲ. ಸಿಪ್ಪೆ ಸೀಳಿದರೆ ಎರಡು ತುದಿಗಳ ನಡುವೆ ಹಸಿರು ಕಿಲುಬಿನ ಪುಡಿ.

ಹೊಸ ಮೋಟರಿಗೆ ಗಾಜು ಯಾಕೆ ಏರಿತ್ತು ಎಂಬ ಒಗಟೂ ಆಗ ಬಿಡಿಸಿಕೊಂಡಿತು. ಗ್ಯಾರೇಜಿನಲ್ಲಿ ಬಾಗಿಲನ್ನು ಪೂರ್ತಿ ತೆರೆದು ಕೆಲಸ ಮಾಡಿದ್ದರು. ಆ ಭಂಗಿಯಲ್ಲಿ ತುಂಡು ತುದಿಗಳು ಒಂದಕ್ಕೊಂದು ತಾಗಿ ಕೂತಿದ್ದವು. ಮೂರು ದಿನ ತೆರೆದು ಹಾಕಿ ಮಾಡಿದ ಮೇಲೆ ಮತ್ತೆ ಬೇರೆಯಾದವು.

ಇದರ ರಿಪೇರಿಯಲ್ಲಿ ಒಂದೇ ಕಟ್ಟುನಿಟ್ಟು. ತುಂಡಾದ ಜಾಗದಲ್ಲೇ ಹೆಣೆದು ಇನ್ಸುಲೇಶನ್ ಟೇಪು ಸುತ್ತಿದರೆ ಆರು ತಿಂಗಳು ಬಾಳದು. ಅಷ್ಟೇ ದಪ್ಪದ, ಬಹು ಎಳೆಯ ಮೆತ್ತನೆ ವೈರಿನ ಒಂದು ತುಂಡನ್ನು ಸೇರಿಸಿ, ಎರಡೂ ಬೆಸುಗೆಗಳು ಬಗ್ಗುವ ಜಾಗದಿಂದ ಆಚೆ, ಒಂದು ಕಂಬದೊಳಗೆ ಒಂದು ಬಾಗಿಲೊಳಗೆ ಬರುವಂತೆ ನೋಡಿಕೊಂಡು, ಹೀಟ್ ಶ್ರಿಂಕ್ ಕೊಳವೆ ತೊಡಿಸಬೇಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಟೇಪಿನ ಜಾಯಿಂಟು ಎಷ್ಟು ದಿನ ನಿಂತೀತು? ಬಾಗಿಲಿನ ಸ್ಪೀಕರ್ ಆಗಾಗ ಕರಕರ ಎನ್ನುತ್ತಿದ್ದರೆ, ಸೆಂಟ್ರಲ್ ಲಾಕ್ ಒಮ್ಮೆ ಕೇಳಿ ಒಮ್ಮೆ ಕೇಳದಿದ್ದರೆ, ಅವೂ ಇದೇ ಕೊಳವೆಯ ದೂರುಗಳು.

ನನಗೆ ಆದ ಖರ್ಚು ಮುನ್ನೂರು ರೂಪಾಯಿ. ಬೇಡದ ಮೋಟರಿನ ನಾಲ್ಕೂವರೆ ಸಾವಿರ ಬೇರೆ.

9. ನಿಧಾನವಾದರೆ ಮೊದಲು ರಬ್ಬರನ್ನು ಗುಮಾನಿಯಿಂದ ನೋಡಿ.

ಆರೋಗ್ಯವಂತ ಕಿಟಕಿ ನಾಲ್ಕೈದು ಸೆಕೆಂಡಿನಲ್ಲಿ ಕೆಳಗಿನಿಂದ ತುದಿ ಮುಟ್ಟುತ್ತದೆ. ಹತ್ತು ಸೆಕೆಂಡು ತೆಗೆದುಕೊಂಡು, ನಡುವೆ ಏದುಸಿರು ಬಿಟ್ಟರೆ ಗಾಜು ಓಡುವ ರಬ್ಬರ್ ಚಾನೆಲ್ಲು, ಅಂದರೆ ನಮ್ಮ ಮೆಕ್ಯಾನಿಕ್ಕುಗಳ ‘ಬೀಡಿಂಗು’, ಒಣಗಿದೆ ಅಥವಾ ಧೂಳು ತಿಂದಿದೆ. ಸಂಡೂರು, ಹೊಸಪೇಟೆ ಕಡೆಯ ಕೆಂಪು ಅದಿರು ಧೂಳು ಇದರೊಳಗೆ ಕೂತರೆ ಮಳೆಗಾಲದಲ್ಲಿ ಅಂಟಾಗುತ್ತದೆ, ಬೇಸಿಗೆಯಲ್ಲಿ ಉಪ್ಪುಕಾಗದವಾಗುತ್ತದೆ.

ಗಾಜು ಪೂರ್ತಿ ಇಳಿಸಿ. ಮಕ್ಕಳ ಪ್ಲಾಸ್ಟಿಕ್ ಸ್ಕೇಲಿಗೆ ಹಳೆಯ ಬನಿಯನ್ ಬಟ್ಟೆ ಸುತ್ತಿ, ಸೋಪು ನೀರಲ್ಲಿ ಅದ್ದಿ ಹಿಂಡಿ, ಚಾನೆಲ್ಲಿನ ಉದ್ದಕ್ಕೂ ಎಳೆಯಿರಿ. ಬಟ್ಟೆ ಹೊರಬಂದಾಗ ಅದರ ಬಣ್ಣ ನೋಡಿದರೆ ಮೋಟರಿನ ಮೇಲೆ ಕನಿಕರ ಹುಟ್ಟುತ್ತದೆ. ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆದು, ಗಾಜನ್ನು ನಾಲ್ಕೈದು ಸಲ ಏರಿಳಿಸಿ, ಗಾಜಿನ ಮೇಲಿನ ಜಿಡ್ಡು ಒರೆಸಿ. ಸಿಲಿಕಾನ್ ಸಿಗದಿದ್ದರೆ ಮುಖಕ್ಕೆ ಹಾಕುವ ಪೌಡರು ತಾತ್ಕಾಲಿಕಕ್ಕೆ ಆದೀತು. ಗ್ರೀಸು, ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ರಬ್ಬರು ಊದಿಕೊಳ್ಳುತ್ತದೆ, ಜಿಡ್ಡಿಗೆ ಇನ್ನಷ್ಟು ಧೂಳು ಮೆತ್ತುತ್ತದೆ.

ಗಾಜಿನ ಮೇಲೂ ಕಣ್ಣಾಡಿಸಿ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿಗೆ ತಡೆಯೊಡ್ಡಿದ ಮೇಲೆ ಅವಸರದಲ್ಲಿ ಕಿತ್ತ ಗಾಜುಗಳಲ್ಲಿ ಅಂಟು ಅಲ್ಲಲ್ಲಿ ಉಳಿದಿರುವುದುಂಟು. ಹಳೆಯ ಗಾಡಿ ಕೊಂಡವರು ಬೆರಳಾಡಿಸಿ ನೋಡಿ.

10. ಪದೇಪದೇ ಒತ್ತಿ ಮೋಟರನ್ನು ದಣಿಸಬೇಡಿ.

ಬಹುತೇಕ ಮೋಟರುಗಳಲ್ಲಿ ಬಿಸಿಯಾದರೆ ತಾನೇ ನಿಲ್ಲುವ ರಕ್ಷಣೆ ಇರುತ್ತದೆ. ಹಿಂದಿನ ಸೀಟಿನ ಮಕ್ಕಳು ಹತ್ತು ಸಲ ಆಟವಾಡಿಸಿದ ಮೇಲೆ ಕಿಟಕಿ ಮುಷ್ಕರ ಹೂಡಿದರೆ ಹತ್ತು ನಿಮಿಷ ಬಿಟ್ಟು ನೋಡಿ. ಅದು ರೋಗವಲ್ಲ.

11. ವಾರಂಟಿ ಇದ್ದರೆ ಸ್ಕ್ರೂಡ್ರೈವರ್ ಕೆಳಗಿಡಿ.

ಇಲ್ಲಿಯವರೆಗಿನ ಪರೀಕ್ಷೆಗಳನ್ನು ಮಾಡಿಕೊಂಡು, ಏನು ಕಂಡಿತೆಂದು ಬರೆದುಕೊಂಡು, ಸರ್ವಿಸ್ ಸೆಂಟರಿಗೆ ಹೋಗಿ. ‘ಕಿಟಕಿ ಕೆಟ್ಟಿದೆ’ ಎನ್ನುವುದಕ್ಕೂ ‘ಎರಡೂ ಸ್ವಿಚ್ಚಿಗೆ ಸದ್ದಿಲ್ಲ, ಫ್ಯೂಸು ಸರಿಯಿದೆ, ಬಾಗಿಲು ಅಲುಗಿಸಿದರೆ ಒಮ್ಮೊಮ್ಮೆ ಓಡುತ್ತದೆ’ ಎನ್ನುವುದಕ್ಕೂ ಸಿಗುವ ಮರ್ಯಾದೆ ಬೇರೆ.

12. ಡೋರ್ ಪ್ಯಾಡು ಬಿಚ್ಚಲು ಬಲ ಬೇಡ, ಹುಡುಕುವ ಕಣ್ಣು ಬೇಕು.

ಸ್ಕ್ರೂಗಳು ಕಣ್ಣಿಗೆ ಬೀಳದ ಕಡೆ ಇರುತ್ತವೆ: ಒಳಹಿಡಿಕೆಯ ಹಿಂದಿನ ಪುಟ್ಟ ಮುಚ್ಚಳದಡಿ, ಕೈ ಊರುವ ಗುಂಡಿಯ ತಳದಲ್ಲಿ, ಕನ್ನಡಿಯ ಹಿಂದಿನ ತ್ರಿಕೋನ ಪ್ಲಾಸ್ಟಿಕ್ಕಿನಡಿ. ಎಲ್ಲ ಬಿಚ್ಚಿದ ಮೇಲೂ ಪ್ಯಾಡು ಬರುತ್ತಿಲ್ಲವೆಂದರೆ ಇನ್ನೊಂದು ಸ್ಕ್ರೂ ಉಳಿದಿದೆ, ಅಷ್ಟೇ. ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ, ಕೊನೆಗೆ ಪ್ಯಾಡನ್ನು ಮೇಲಕ್ಕೆ ಎತ್ತಿ ತೆಗೆಯಿರಿ. ಒಂದೆರಡು ಕ್ಲಿಪ್ಪು ಮುರಿಯುವುದು ಖಚಿತ. ಮೊದಲೇ ಅರ್ಧ ಡಜನ್ ತಂದಿಟ್ಟುಕೊಳ್ಳಿ. ಪ್ಯಾಡನ್ನು ಒಮ್ಮೆಲೇ ಜಗ್ಗಬೇಡಿ, ಹಿಂದೆ ವೈರೂ ಹಿಡಿಕೆಯ ಕೇಬಲ್ಲೂ ನೇತಾಡುತ್ತಿರುತ್ತವೆ.

ಶುರು ಮಾಡುವ ಮುನ್ನ ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದು ಕೆಲವು ನಿಮಿಷ ಕಾಯಿರಿ. ಕೆಲವು ಗಾಡಿಗಳ ಬಾಗಿಲಿನಲ್ಲಿ ಏರ್‌ಬ್ಯಾಗಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ಇರುತ್ತದೆ. ರೆಗ್ಯುಲೇಟರಿನ ಬೋಲ್ಟು ಸಡಿಲಿಸುವ ಮೊದಲು ಗಾಜನ್ನು ಮೇಲೆತ್ತಿ ಚೌಕಟ್ಟಿಗೆ ಟೇಪು ಹಾಕಿ ಕಟ್ಟಿ. ಆಧಾರ ತಪ್ಪಿದ ಗಾಜು ಗಿಲೊಟಿನ್ ಹಾಗೆ ಇಳಿಯುತ್ತದೆ, ಕೆಳಗೆ ಇರುವುದು ನಿಮ್ಮ ಬೆರಳು. ಬಾಗಿಲಿನ ಗಾಜು ಸಾಮಾನ್ಯವಾಗಿ ಟಫನ್ಡ್; ನಡುವೆ ತಟ್ಟಿದರೆ ತಡೆದೀತು, ಅಂಚಿಗೆ ಸ್ಪ್ಯಾನರ್ ತಾಗಿದರೆ ಇಡೀ ಗಾಜು ಕಲ್ಲುಸಕ್ಕರೆ.

13. ಮೋಟರಿಗೆ ಕೊನೆಯ ಪರೀಕ್ಷೆ: ನೇರ ಬ್ಯಾಟರಿ.

ಮೊದಲು ಬ್ಯಾಟರಿ ಮತ್ತೆ ಜೋಡಿಸಿ, ಕೀ ಆನ್ ಮಾಡಿ, ಮೋಟರಿನ ಕಪ್ಲರ್ ಬಿಡಿಸಿ, ಅದಕ್ಕೆ ಟೆಸ್ಟ್ ಲ್ಯಾಂಪು ಹಿಡಿದು ಸ್ವಿಚ್ಚು ಒತ್ತಿ. ಎರಡೂ ದಿಕ್ಕಿಗೆ ಲ್ಯಾಂಪು ಪ್ರಖರವಾಗಿ ಉರಿದರೆ ಅಲ್ಲಿಯವರೆಗಿನ ದಾರಿ ಸರಿ. ಮಂಕಾಗಿ ಉರಿದರೆ ಎಲ್ಲೋ ಕಿಲುಬು. ಇಲ್ಲಿ ಬರೀ ಮಲ್ಟಿಮೀಟರ್ ನಂಬಬೇಡಿ. ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರು 12 ತೋರಿಸುತ್ತದೆ; ಹೊರೆ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು.

ಆಮೇಲೆ ಬ್ಯಾಟರಿಯಿಂದ ಎರಡು ವೈರು, ನಡುವೆ ಒಂದು 20 ಆಂಪಿಯರ್ ಫ್ಯೂಸು ಹಾಕಿ, ಮೋಟರಿಗೆ ಕ್ಷಣ ಮಾತ್ರ ತಾಗಿಸಿ. ತಿರುಗಿದರೆ ವೈರು ಅದಲು ಬದಲು ಮಾಡಿ ಇನ್ನೊಂದು ದಿಕ್ಕು ನೋಡಿ. ಎರಡೂ ಕಡೆ ತಿರುಗುವ ಮೋಟರನ್ನು ‘ಹೋಗಿದೆ’ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಈ ವಿದ್ಯೆ ಎರಡೇ ಪಿನ್ ಇರುವ ಮೋಟರಿಗೆ ಮಾತ್ರ. ಐದಾರು ಪಿನ್ ಇದ್ದರೆ ಒಳಗೆ ಎಲೆಕ್ಟ್ರಾನಿಕ್ಸ್ ಇದೆ. ನೇರ ಕರೆಂಟು ಕೊಟ್ಟರೆ ಇದ್ದದ್ದೂ ಸುಡುತ್ತದೆ. ಅಂಥ ಗಾಡಿಗೆ ಸ್ಕ್ಯಾನರ್ ಇರುವವರೇ ಬೇಕು.

ಬದಲಾಯಿಸಿದ ಹಳೆಯ ಪಾರ್ಟನ್ನು ಕೇಳಿ ಪಡೆದುಕೊಳ್ಳಿ. ದುಡ್ಡು ಕೊಟ್ಟ ಮೇಲೆ ಅದು ನಿಮ್ಮದೇ. ಗ್ಯಾರೇಜಿನಲ್ಲಿ ಕಳಚಿ ಕೊಟ್ಟ ನನ್ನ ಮೋಟರು ಈಗಲೂ ಅಟ್ಟದ ಮೇಲಿದೆ. ಬ್ಯಾಟರಿ ತಾಗಿಸಿದರೆ ಗಿರ್ರನೆ ತಿರುಗುತ್ತದೆ, ಎರಡೂ ಕಡೆಗೆ.

14. ಪಾರ್ಟು ಕೊಳ್ಳಲು ಹೋಗುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ.

ರೆಗ್ಯುಲೇಟರುಗಳಲ್ಲಿ ಎರಡು ಜಾತಿ: ಕತ್ತರಿಯ ಹಾಗೆ ತೆರೆದು ಮುಚ್ಚುವ ಕಬ್ಬಿಣದ ತೋಳಿನದು, ಮತ್ತು ಕಂಬಿಯ ಮೇಲೆ ಕೇಬಲ್ ಎಳೆಯುವಂಥದು. ಕತ್ತರಿಯದು ಭಾರ, ಹಳೆಯದು, ಗಟ್ಟಿ ಪಿಂಡ. ಕೇಬಲ್ಲಿನದು ಹಗುರ, ಆದರೆ ಒಂದು ಪ್ಲಾಸ್ಟಿಕ್ ರಾಟೆ ಸೀಳಿದರೂ ಕೇಬಲ್ಲೆಲ್ಲ ಹಕ್ಕಿಗೂಡು. ಎಡಗಡೆಯದು ಬಲಕ್ಕೆ ಕೂರದು, ಮುಂದಿನದು ಹಿಂದಕ್ಕೆ ಕೂರದು. ಒಂದೇ ಹೆಸರಿನ ಗಾಡಿಯಲ್ಲೂ ಮಾಡೆಲ್ ಬದಲಾದಾಗ ಬೋಲ್ಟಿನ ತೂತು ಒಂದು ಬೆರಳು ಆಚೀಚೆ ಆಗಿರುತ್ತದೆ. ಆರ್‌ಸಿಯಲ್ಲಿರುವ ಚಾಸಿ ನಂಬರು ಹೇಳಿ ಕೇಳುವುದು ಕ್ಷೇಮ.

ಬೆಂಗಳೂರಿನವರಿಗೆ ಹೊಸ ಪಾರ್ಟಿಗೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ ಇದ್ದೇ ಇದೆ. ನನ್ನ ಲೆಕ್ಕದಲ್ಲಿ ಮೋಟರು ಗುಜರಿಯಿಂದ ತಂದರೂ ನಡೆದೀತು, ಅಂಗಡಿಯಲ್ಲೇ ಬ್ಯಾಟರಿ ಕೊಟ್ಟು ನೋಡಬಹುದು. ಕೇಬಲ್ ರೆಗ್ಯುಲೇಟರು, ಕ್ಲಿಪ್ಪು, ರಬ್ಬರು ಮಾತ್ರ ಹೊಸದೇ ಇರಲಿ. ಅವು ವಯಸ್ಸಿಗೆ ಸಾಯುವ ವಸ್ತುಗಳು, ಹಳೆಯದರ ಆಯುಸ್ಸೂ ಅಷ್ಟೇ ಕಳೆದಿರುತ್ತದೆ.

15. ಮುಚ್ಚುವ ಮುನ್ನ ಪ್ಲಾಸ್ಟಿಕ್ ಹಾಳೆ, ತಳದ ತೂತು.

ಡೋರ್ ಪ್ಯಾಡಿನ ಹಿಂದೆ ಕಪ್ಪು ಅಂಟಿನಿಂದ ಮೆತ್ತಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಗಾಜಿನ ಹೊರಮೈಯಿಂದ ಇಳಿದ ಮಳೆನೀರು ಬಾಗಿಲೊಳಗೆ ಬರುವುದು ಸಹಜ. ಅದು ಸೀಟಿನ ಕಡೆ ಬಾರದೆ ತಳದ ತೂತುಗಳಿಂದ ಹೊರಹೋಗಲಿ ಎಂದೇ ಈ ಹಾಳೆ. ಅವಸರದ ಮೆಕ್ಯಾನಿಕ್ಕುಗಳು ಅದನ್ನು ಹರಿದು ಮೂಲೆಗೆ ಎಸೆಯುತ್ತಾರೆ. ಮುಂದಿನ ಮಳೆಗಾಲದಲ್ಲಿ ಕಾಲಡಿಯ ಕಾರ್ಪೆಟ್ಟು ಹಸಿ, ಗಾಡಿಯೊಳಗೆ ಒದ್ದೆ ನಾಯಿಯ ವಾಸನೆ. ಯಾರಿಗೂ ಕಾರಣ ಹೊಳೆಯುವುದಿಲ್ಲ.

ತಳದ ತೂತುಗಳಿಗೆ ಒಂದು ಪೊರಕೆ ಕಡ್ಡಿ ಹಾಕಿ. ಮಣ್ಣು, ಎಲೆ ಕಟ್ಟಿಕೊಂಡಿದ್ದರೆ ಬಾಗಿಲು ತೆರೆಯುವಾಗ ಒಳಗೆ ನೀರು ಕುಲುಕುವ ಸದ್ದು ಬರುತ್ತದೆ. ಮಲೆನಾಡಿನ ಗಾಡಿಗಳಲ್ಲಿ ಇದು ಮಾಮೂಲು. ಆ ನೀರಿನಲ್ಲೇ ಮೋಟರಿನ ತುಕ್ಕು ಹುಟ್ಟುವುದು. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ನಾಲ್ಕೂ ಬಾಗಿಲಿಗೆ ಕಡ್ಡಿ ಆಡಿಸಿ.

16. ಕಿಟಕಿಗೆ ಮತ್ತೆ ಪಾಠ ಹೇಳಿಕೊಡಿ, ಆಮೇಲೆ ಸೌತೆಕಾಯಿ ಕೊಟ್ಟು ಪರೀಕ್ಷಿಸಿ.

ಒಂದು ಸಲ ಎತ್ತಿ ಬಿಟ್ಟರೆ ತಾನೇ ಪೂರ್ತಿ ಏರುವ ‘ಆಟೋ’ ಕಿಟಕಿ ಬ್ಯಾಟರಿ ತೆಗೆದ ಮೇಲೆ ತನ್ನ ತುದಿ ಬುಡ ಮರೆಯುವುದುಂಟು. ಏರಿ ಅರ್ಧಕ್ಕೆ ವಾಪಸ್ ಇಳಿದರೆ ಹೊಸ ರೋಗವೆಂದು ಗಾಬರಿಯಾಗಬೇಡಿ. ಹಲವು ಗಾಡಿಗಳಲ್ಲಿ ಗಾಜನ್ನು ಪೂರ್ತಿ ಮೇಲೇರಿಸಿ, ಸ್ವಿಚ್ಚನ್ನು ಮತ್ತೆ ಕೆಲವು ಸೆಕೆಂಡು ಎತ್ತಿ ಹಿಡಿದರೆ ನೆನಪು ಮರಳುತ್ತದೆ. ನಿಮ್ಮ ಗಾಡಿಯ ಕ್ರಮ ಅದರ ಪುಸ್ತಕದಲ್ಲಿದೆ.

ತಾನೇ ಏರುವ ಕಿಟಕಿಗೆ ಅಡ್ಡ ಸಿಕ್ಕಿದ್ದನ್ನು ಬಿಟ್ಟು ಹಿಂದೆ ಸರಿಯುವ ರಕ್ಷಣೆ ಬೇಕು. ಯುರೋಪ್, ಅಮೆರಿಕದ ನಿಯಮಗಳಲ್ಲಿ ಇದಕ್ಕೆ ಇಟ್ಟ ಮಿತಿ 100 ನ್ಯೂಟನ್. ಸರಿಸುಮಾರು ಹತ್ತು ಕಿಲೋ ಭಾರ ಒತ್ತುವ ಮೊದಲೇ ಗಾಜು ವಾಪಸ್ ಇಳಿಯಬೇಕು. ನಮ್ಮ ರಸ್ತೆಯ ಅನೇಕ ಗಾಡಿಗಳಲ್ಲಿ ಈ ಸೌಲಭ್ಯ ಡ್ರೈವರ್ ಕಿಟಕಿಗೆ ಮಾತ್ರ ಇದೆ, ಹಿಂದಿನ ಕಿಟಕಿಗಳಿಗೆ ಇಲ್ಲ. ರಿಪೇರಿಯಾದ ಮೇಲೆ ಕೈ ಇಟ್ಟು ನೋಡುವ ಧೈರ್ಯ ಬೇಡ. ಒಂದು ಎಳೆ ಸೌತೆಕಾಯಿಯನ್ನು ಗಾಜಿನ ಅಂಚಿಗೆ ಅಡ್ಡ ಹಿಡಿದು ಸ್ವಿಚ್ಚು ಎತ್ತಿ. ಗಾಜು ತಾಗಿ ಹಿಂದಕ್ಕೆ ಇಳಿದರೆ ಸರಿ. ಹಿಂದಿನ ಕಿಟಕಿಗೂ ಒಂದು ಕೊಟ್ಟು ನೋಡಿ. ಅದು ಕಚಕ್ಕೆಂದು ಕಚ್ಚಿಕೊಂಡರೆ, ಮಕ್ಕಳು ಹಿಂದೆ ಕೂತ ದಿನ 2ನೆಯ ಸೂತ್ರದ ಆ ಲಾಕ್ ಬಟನ್ ಒತ್ತಿಯೇ ಗಾಡಿ ಹೊರಡಿಸಿ. ಗಾಡಿಯಿಂದ ಇಳಿಯುವಾಗ ಕೀ ನಿಮ್ಮ ಜೇಬಿನಲ್ಲಿರಲಿ.